ಸಸಿ ನೆಟ್ಟ ಲೆಕ್ಕ ಸಾಕು, ಮರ ಉಳಿದ ಲೆಕ್ಕ ಬೇಕು

ಸ್ವಾತಂತ್ರ್ಯಪೂರ್ವದ ರಾಮದುರ್ಗ ಸಂಸ್ಥಾನದ ವಿಸ್ತೀರ್ಣ 169 ಚದರ ಮೈಲಿ, ಅಂದರೆ ಸುಮಾರು 438 ಚದರ ಕಿಲೋಮೀಟರ್. ಇಂದಿನ ಸಿಂಗಪುರ ದೇಶ ಅದರ ಎರಡು ಪಟ್ಟೂ ಇಲ್ಲ. ಸುಮಾರು 735 ಚದರ ಕಿಲೋಮೀಟರ್. ಅಷ್ಟು ನೆಲದಲ್ಲಿ 60 ಲಕ್ಷ ಜನ ವಾಸಿಸುತ್ತಾರೆ. 13,415 ಚದರ ಕಿಲೋಮೀಟರ್ ಹರಡಿರುವ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 48 ಲಕ್ಷ. ಹೀಗಿದ್ದೂ ಮುಗಿಲೆತ್ತರದ ಕಟ್ಟಡಗಳ ಸಿಂಗಪುರದಲ್ಲಿ ರಸ್ತೆಗಳಿಗೆ ಮರಗಳ ಚಪ್ಪರವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪೇಟೆ ಬೀದಿಗಳಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನೆರಳನ್ನು ಹುಡುಕಬೇಕಾಗುತ್ತದೆ. ಊರಲ್ಲಿ ಗಿಡ ಬೆಳೆಸಲು ಜಾಗವೆಲ್ಲಿದೆ ಎಂಬ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಹಾಗಾದರೆ ಕೊರತೆ ಯಾವುದರದ್ದು?

ಕಾಯ್ದೆ ನಮ್ಮಲ್ಲೂ ಇದೆ

ಕೊರತೆ ಕಾನೂನಿನದ್ದಂತೂ ಅಲ್ಲ. ಸಿಂಗಪುರದ ಉದ್ಯಾನ ಮತ್ತು ವೃಕ್ಷ ಕಾಯ್ದೆ ಬಂದದ್ದು 1975ರಲ್ಲಿ. ಮರುವರ್ಷವೇ, 1976ರಲ್ಲಿ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದಿತು. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಕಡ್ಡಾಯವೆಂದು ಹೇಳಿ ಅದು ಸುಮ್ಮನಾಗುವುದಿಲ್ಲ. ಸಾಕಷ್ಟು ಮರ ಬೆಳೆಸುವ ಮತ್ತು ಕಾಪಾಡುವ ಹೊಣೆಯನ್ನೂ ಭೂಮಾಲೀಕರ ಮೇಲೆ ಹೊರಿಸುತ್ತದೆ. ಉದ್ಯಾನ, ಆಟದ ಮೈದಾನ ಹಾಗೂ ಬಯಲು ಜಾಗಗಳ ರಕ್ಷಣೆಗೆಂದೇ 1985ರಲ್ಲಿ ಇನ್ನೊಂದು ಕಾಯ್ದೆಯಾಯಿತು. ಹೊಸ ಬಡಾವಣೆ ನಿರ್ಮಿಸುವವರು ಉದ್ಯಾನಕ್ಕೆ ನಿಗದಿತ ಪಾಲು ಬಿಡಬೇಕೆಂಬ ನಿಯಮವೂ ಇದೆ.

ವ್ಯತ್ಯಾಸವಿರುವುದು ನಂತರದ ಕೆಲಸದಲ್ಲಿ. ಸಿಂಗಪುರದ ಅಂದಿನ ಪ್ರಧಾನಿ ಲೀ ಕ್ವಾನ್ ಯೂ 1963ರಲ್ಲಿ ಸಸಿ ನೆಡುವ ಅಭಿಯಾನ ಆರಂಭಿಸಿದಾಗ ಅದು ಶ್ರೀಮಂತ ದೇಶವಾಗಿರಲಿಲ್ಲ. ಕೊಳೆಗೇರಿಗಳೂ ನಿರುದ್ಯೋಗವೂ ತುಂಬಿದ್ದ ಬಂದರು ಪಟ್ಟಣವಾಗಿತ್ತು. ನೆಡುವುದು ಸುಲಭ, ಉಳಿಸುವುದು ಕಷ್ಟ ಎಂಬುದು ಅಲ್ಲಿನ ಆಡಳಿತಕ್ಕೆ ಬೇಗ ತಿಳಿಯಿತು. ಮರಗಳ ಪಾಲನೆಗೆಂದೇ ಪ್ರತ್ಯೇಕ ವಿಭಾಗ ರಚನೆಯಾಯಿತು. ರಸ್ತೆ, ವಸತಿ ಸಮುಚ್ಚಯ, ವಾಹನ ನಿಲುಗಡೆಯ ತಾಣ, ಯಾವುದನ್ನು ನಿರ್ಮಿಸಿದರೂ ನಕ್ಷೆಯಲ್ಲೇ ಮರಕ್ಕೆ ಜಾಗ ಕಾದಿರಿಸುವುದು ಕಡ್ಡಾಯವಾಯಿತು.

ನಮ್ಮಲ್ಲಿ ಜೂನ್ 5ರ ವಿಶ್ವ ಪರಿಸರ ದಿನ ಮತ್ತು ಜುಲೈ ತಿಂಗಳ ವನಮಹೋತ್ಸವದಲ್ಲಿ ನೆಟ್ಟ ಸಸಿಗಳ ಸಂಖ್ಯೆ ಪ್ರಕಟವಾಗುತ್ತದೆ. ಮರುವರ್ಷ ಅವುಗಳಲ್ಲಿ ಎಷ್ಟು ಉಳಿದವೆಂಬ ಸಂಖ್ಯೆ ಪ್ರಕಟವಾಗುವುದು ಅಪರೂಪ. 2025ರ ನವೆಂಬರ್‌ನಲ್ಲಿ ನಿಧನರಾದ ಸಾಲುಮರದ ತಿಮ್ಮಕ್ಕನವರ ಸಾಧನೆಯ ತಿರುಳನ್ನು ಇಲ್ಲಿ ನೆನೆಯಬೇಕು. ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳಿಗೆ ಅವರು ಮತ್ತು ಅವರ ಪತಿ ಕೊಡದಲ್ಲಿ ನೀರು ಹೊತ್ತರು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಆ ಮರಗಳು ಉಳಿದದ್ದು ಅದರಿಂದ.

ಬಚ್ಚಲ ನೀರಿನ ಪಾಠ

ಸಿಂಗಪುರದಲ್ಲಿ ವರ್ಷವಿಡೀ ಮಳೆ, ಸುಮಾರು 2,400 ಮಿಲಿಮೀಟರ್. ಸವದತ್ತಿ, ರಾಮದುರ್ಗದ ಬಯಲಿನಲ್ಲಿ ಅದರ ಕಾಲುಭಾಗದ ಆಸುಪಾಸು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದನ್ನು ಮರೆಯುವಂತಿಲ್ಲ. ಆದರೆ ನೀರಿನ ವಿಷಯದಲ್ಲಿ ಸಿಂಗಪುರವೂ ಪರಾವಲಂಬಿಯೇ. ನೆರೆಯ ಮಲೇಷ್ಯಾದಿಂದ ನೀರು ಕೊಳ್ಳುವ ಆ ದೇಶ 2003ರಿಂದ ಬಳಸಿದ ನೀರನ್ನು ಶುದ್ಧೀಕರಿಸಿ ಮರುಬಳಕೆ ಮಾಡುತ್ತಿದೆ.

ಈ ಜಾಣ್ಮೆ ಉತ್ತರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಬಚ್ಚಲ ನೀರು ಹಿತ್ತಲಿನ ಬಾಳೆಗೆ, ಕರಿಬೇವಿಗೆ, ತೆಂಗಿಗೆ ಹರಿಯುತ್ತಿತ್ತು. ಹಿತ್ತಲು ಕಟ್ಟಡವಾಯಿತು, ನೀರು ಸಿಮೆಂಟು ಗಟಾರ ಸೇರಿತು. ಸವದತ್ತಿಯ ಮಗ್ಗುಲಲ್ಲೇ 37.73 ಟಿಎಂಸಿ ಅಡಿ ಸಾಮರ್ಥ್ಯದ ರೇಣುಕಾಸಾಗರವಿದೆ. ಆದರೆ ಮಲಪ್ರಭೆಯ ಆ ನೀರು ಹೊಲಗಳಿಗೆ ಹಾಗೂ ಹುಬ್ಬಳ್ಳಿ–ಧಾರವಾಡದಂಥ ಊರುಗಳ ಕುಡಿಯುವ ಅಗತ್ಯಕ್ಕೆ ಮೀಸಲು. ಮರಗಳಿಗೆ ಅದರಲ್ಲಿ ಪಾಲು ಕೇಳುವ ಬದಲು, ಊರೇ ಚೆಲ್ಲುವ ನೀರನ್ನು ಸಂಸ್ಕರಿಸಿ ರಸ್ತೆಬದಿಯ ಗಿಡಗಳಿಗೆ ಒದಗಿಸುವುದು ಪುರಸಭೆಗಳಿಗೆ ಇರುವ ದಾರಿ. ಸಸಿಗೆ ಮೂರು ಬೇಸಿಗೆ ನೀರುಣಿಸಿದರೆ ಸಾಕು. ಬೇವು, ಹುಣಸೆ, ಆಲ ಈ ನೆಲಕ್ಕೆ ಒಗ್ಗಿದವೇ ಆದ್ದರಿಂದ ಮುಂದೆ ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ.

ನಾಲ್ಕು ಊರು, ನಾಲ್ಕು ಅಗತ್ಯ

ಒಂದೇ ಯೋಜನೆ ನಾಲ್ಕೂ ಪಟ್ಟಣಗಳಿಗೆ ಹೊಂದುವುದಿಲ್ಲ. ಮಲೆನಾಡಿನ ಸೆರಗಿಗೆ ಹತ್ತಿರವಿರುವ ಕಿತ್ತೂರಿನಲ್ಲಿ ಮಳೆ ಹೆಚ್ಚು; ಸಸಿ ಬದುಕಿಸುವುದು ಸುಲಭ. 1824ರ ವಿಜಯದ ದ್ವಿಶತಮಾನೋತ್ಸವವನ್ನು 2024ರಲ್ಲಿ ಆಚರಿಸಿದ ಈ ಊರಿನಲ್ಲಿ ಕೋಟೆಗೆ ಹೋಗುವ ದಾರಿಗಳ ಇಕ್ಕೆಲದಲ್ಲಿ ಸಾಲುಮರ ಬೆಳೆಸುವುದು ಉತ್ಸವದ ವೇದಿಕೆಗಿಂತ ಹೆಚ್ಚು ಕಾಲ ಬಾಳುವ ಸ್ಮಾರಕವಾದೀತು. ಹತ್ತಿಯ ವಹಿವಾಟಿಗೆ ಹೆಸರಾದ ಬೈಲಹೊಂಗಲದ್ದು ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣು. ಅಲ್ಲಿ ಮಣ್ಣಿನ ಗುಣವರಿತು ಮರ ಆರಿಸಬೇಕು. 1829ರಲ್ಲಿ ಅಲ್ಲಿನ ಸೆರೆಯಲ್ಲೇ ತೀರಿಕೊಂಡ ರಾಣಿ ಚೆನ್ನಮ್ಮನ ಸಮಾಧಿಯ ಸುತ್ತ ಉದ್ಯಾನವಿದೆ. ಅಂಥ ಹಸಿರು ಒಂದು ಸ್ಮಾರಕಕ್ಕೆ ಸೀಮಿತವಾಗದೆ ಪ್ರತಿ ಬಡಾವಣೆಗೂ ತಲುಪಬೇಕು.

ಸವದತ್ತಿಯ ಯಲ್ಲಮ್ಮನಗುಡ್ಡಕ್ಕೆ ಹುಣ್ಣಿಮೆಗಳಂದು ಲಕ್ಷಾಂತರ ಭಕ್ತರು ಬರುತ್ತಾರೆ. ಚೈತ್ರದ ದವನದ ಹುಣ್ಣಿಮೆಯಂತೂ ಕಡು ಬಿಸಿಲಿನಲ್ಲೇ ಬರುತ್ತದೆ. ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಎತ್ತಿನ ಗಾಡಿಯಲ್ಲಿ ಬಂದು ಬಯಲಲ್ಲೇ ಒಲೆ ಹೂಡುವ ಕುಟುಂಬಕ್ಕೆ ಕಾಂಕ್ರೀಟ್ ಅಂಗಳಕ್ಕಿಂತ ಮರದ ನೆರಳೇ ಮೊದಲ ಸೌಕರ್ಯ.

ಇನ್ನು ರಾಮದುರ್ಗ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಊರಿನೊಳಗೆ ನುಗ್ಗಿದ ನೆನಪು ಅಲ್ಲಿನ ನೇಕಾರರ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಸಿಂಗಪುರದ ಬಿಶಾನ್ ಉದ್ಯಾನದಲ್ಲಿ ಕಾಂಕ್ರೀಟ್ ಕಾಲುವೆಯಾಗಿದ್ದ ಕಲ್ಲಾಂಗ್ ನದಿಯನ್ನು 2012ರ ವೇಳೆಗೆ ಮತ್ತೆ ಮಣ್ಣಿನ ದಂಡೆಯ ನದಿಯಾಗಿಸಲಾಯಿತು. ಮಳೆ ಜೋರಾದಾಗ ನೀರು ಉದ್ಯಾನದ ಹುಲ್ಲುಹಾಸಿನ ಮೇಲೆ ಹರಡಿಕೊಳ್ಳುತ್ತದೆ. ಇಳಿದ ಮೇಲೆ ಅಲ್ಲಿ ಮಕ್ಕಳು ಆಡುತ್ತಾರೆ. ಮಲಪ್ರಭೆಯ ಪ್ರವಾಹ ಅದಕ್ಕಿಂತ ಬಹಳ ದೊಡ್ಡದು, ನಿಜ. ಆದರೆ ದಂಡೆಯಲ್ಲಿ ಕಟ್ಟಡದ ಬದಲು ತೋಪು ಇದ್ದರೆ ನೆರೆ ಬಂದಾಗ ಮುಳುಗುವುದು ತೋಪು, ಮಗ್ಗವಲ್ಲ. ನದಿಯಂಚಿನ ನಿವಾಸಿಗಳಿಗೆ ಬದಲಿ ನೆಲೆ ಒದಗಿಸದೆ ಇದನ್ನು ಹೇಳುವುದು ಅನ್ಯಾಯವಾಗುತ್ತದೆ ಎಂಬುದೂ ಅಷ್ಟೇ ಸತ್ಯ.

ಇವಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಗುತ್ತಿಗೆದಾರರಿಗೆ ತೋಡಿದ ಗುಂಡಿಯ ಲೆಕ್ಕದ ಬದಲು ಮೂರನೆಯ ಬೇಸಿಗೆ ದಾಟಿದ ಮರದ ಲೆಕ್ಕದಲ್ಲಿ ಹಣ ಪಾವತಿಸುವುದು, ರಸ್ತೆ ಮಾಡುವಾಗ ಬೊಡ್ಡೆಯ ಸುತ್ತ ಮಣ್ಣು ಬಿಡುವುದು, ಬಡಾವಣೆಯ ಉದ್ಯಾನದ ಜಾಗಕ್ಕೆ ಮೊದಲೇ ಬೇಲಿ ಹಾಕಿಸುವುದು, ಇವಿಷ್ಟನ್ನು ಸ್ಥಳೀಯ ಸಂಸ್ಥೆಗಳು ಇಂದಿನ ಅಧಿಕಾರದಲ್ಲೇ ಮಾಡಬಹುದು. ಮುಂದಿನ ಜೂನ್ 5ರಂದು ಹೊಸ ಸಸಿಗೆ ಗುಂಡಿ ತೋಡುವ ಮುನ್ನ, ಹಿಂದಿನ ಮೂರು ವರ್ಷಗಳಲ್ಲಿ ನೆಟ್ಟವುಗಳಲ್ಲಿ ಉಳಿದವೆಷ್ಟು ಎಂಬ ಪಟ್ಟಿಯನ್ನು ಈ ನಾಲ್ಕು ಊರುಗಳ ಕಚೇರಿಗಳು ಸೂಚನಾ ಫಲಕದಲ್ಲಿ ಹಚ್ಚಲಿ. ನೆರಳಿನ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.