ಸೀರೆ ಉಟ್ಟವರು ದಡದಲ್ಲೇ ಕೂರಬೇಕೇ?

ದಾಂಡೇಲಿ ಹತ್ತಿರದ ಗಣೇಶಗುಡಿಗೆ, ಕಾಳಿ ನದಿಯ ರಾಫ್ಟಿಂಗ್‌ಗೆ ಊರಿನವರ ಜೊತೆ ಹೋಗಿದ್ದೆವು. ಗಂಡಸರು ಚಡ್ಡಿಯಲ್ಲೇ ರಾಫ್ಟ್ ಹತ್ತಿದರು. ಸೀರೆ ಉಟ್ಟಿದ್ದ ಅಮ್ಮ, ಅತ್ತಿಗೆಯರು ಎಲ್ಲರ ಚಪ್ಪಲಿ, ಮೊಬೈಲ್ ಕಾಯುತ್ತ ದಡದಲ್ಲಿ ಉಳಿದರು. ದುಡ್ಡು ಮಾತ್ರ ಅವರದ್ದೂ ಹೋಯಿತು.

ಸೀರೆ, ದುಪಟ್ಟಾ ನೀರಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತವೆ, ಜೀನ್ಸ್ ನೆನೆದು ಭಾರವಾಗುತ್ತದೆ ಎಂಬುದು ನಿಜ. ಆದರೆ ಅದನ್ನು ಹೇಳಬೇಕಾದದ್ದು ದಡದಲ್ಲಲ್ಲ, ಬುಕಿಂಗ್ ದಿನವೇ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್, ತುಂಬುತೋಳಿನ ಟೀ ಶರ್ಟ್, ಹಿಂದೆ ಪಟ್ಟಿ ಇರುವ ಚಪ್ಪಲಿ ಸಾಕು. ಮಗಳ ಟ್ರ್ಯಾಕ್ ಪ್ಯಾಂಟ್ ಅಮ್ಮನಿಗೂ ಆಗುತ್ತದೆ.

ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿ, ಭುಜದ ಹತ್ತಿರ ಎಳೆಸಿ ನೋಡಿ. ಕಿವಿವರೆಗೆ ಮೇಲೆದ್ದರೆ ಅದು ಸಡಿಲ, ಬಿಗಿ ಮಾಡಿಸಿಕೊಳ್ಳಿ.

ಹೊರಡುವ ಮುಂಚೆ ಫೋನ್ ಮಾಡಿ, “ಹೆಂಗಸರು ಏನು ಹಾಕ್ಕೊಂಡು ಬರಬೇಕು?” ಅಂತ ಕೇಳಿ. ಅಮ್ಮಂದಿರೂ ನೀರಿಗಿಳಿಯಲಿ.