ಸಾನಿಯಾ ಗೆದ್ದರು, ನಮ್ಮ ಹುಡುಗಿಯರಿಗೆ ಮೈದಾನವೆಲ್ಲಿ?

ಚಿತ್ರದುರ್ಗದ ಜಿಲ್ಲಾ ಕ್ರೀಡಾಂಗಣಕ್ಕೆ ಒಬ್ಬ ಹೆಣ್ಣುಮಗಳ ಹೆಸರಿದೆ: ವೀರವನಿತೆ ಒನಕೆ ಓಬವ್ವ. ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿಯನ್ನೂ ಆಚರಿಸುತ್ತ ಬಂದಿದೆ. ಆ ದಿನ ಹಾರ ತುರಾಯಿಗಳಿರುತ್ತವೆ, ಭಾಷಣಗಳಿರುತ್ತವೆ. ಜಯಂತಿ ಮುಗಿದ ಮರುದಿನ ಸಂಜೆ ಐದು ಗಂಟೆಗೆ ಯಾರಾದರೂ ಆ ಕ್ರೀಡಾಂಗಣದ ಗೇಟಿನ ಬಳಿ ನಿಂತು ಒಳಗೆ ಆಡುತ್ತಿರುವ ಹುಡುಗರೆಷ್ಟು, ಹುಡುಗಿಯರೆಷ್ಟು ಎಂದು ಎಣಿಸಲಿ. ಆ ಹುಡುಗಿಯರಲ್ಲಿ ನಮ್ಮ ಮೊಹಲ್ಲಾಗಳಿಂದ ಬಂದವರು ಎಷ್ಟು ಮಂದಿ ಎಂಬುದನ್ನೂ ಎಣಿಸಲಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮೈದಾನಗಳಲ್ಲೂ ಇದೇ ಲೆಕ್ಕ ಹಾಕಲಿ. "ಸಾನಿಯಾ ಮಿರ್ಜಾ ನಮ್ಮ ಹೆಣ್ಣುಮಕ್ಕಳಿಗೆ ಸ್ಫೂರ್ತಿ" ಎಂಬ ಮಾತನ್ನು ಆಮೇಲೆ ಚರ್ಚಿಸೋಣ.

ಆ ಮಾತಿಗೆ ನಮ್ಮ ತಕರಾರಿದೆ. ಮಾತು ಸುಳ್ಳೆಂದು ನಾವು ಹೇಳುತ್ತಿಲ್ಲ. ಅದನ್ನು ಆಡುವವರು ಅದಕ್ಕಾಗಿ ಏನನ್ನೂ ಬಿಟ್ಟುಕೊಡಲು ತಯಾರಿಲ್ಲ ಎಂಬುದೇ ನಮ್ಮ ದೂರು. ಸಾನಿಯಾ ಗೆದ್ದಾಗ ಸಿಹಿ ಹಂಚಿದವರಿದ್ದಾರೆ. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಆಕೆಯ ಹೆಸರೆತ್ತಿ ಚಪ್ಪಾಳೆ ಗಿಟ್ಟಿಸಿದವರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯ ಹುಡುಗಿ ಏಳನೇ ತರಗತಿ ದಾಟಿದ ಕೂಡಲೇ ಅವಳ ಆಟದ ಬೂಟನ್ನು ಅಟ್ಟಕ್ಕೆ ಎಸೆಯುತ್ತಾರೆ. "ಇನ್ನು ಸಾಕಮ್ಮಾ, ದೊಡ್ಡವಳಾದೆ" ಎನ್ನುತ್ತಾರೆ. ಅವಳ ತಮ್ಮ ಅದೇ ಸಂಜೆ ಬ್ಯಾಟು ಹಿಡಿದು ಹೊರಗೆ ಓಡುತ್ತಾನೆ. ಅವನಿಗೆ ಯಾರೂ ಏನೂ ಹೇಳುವುದಿಲ್ಲ.

ಸಾನಿಯಾ ಅವರ ಮೊದಲ ಮಹಾಪ್ರಶಸ್ತಿ ಹೇಗೆ ಬಂತೆಂಬುದನ್ನು ಇಂಥವರು ಒಮ್ಮೆ ಕೂತು ಯೋಚಿಸಬೇಕು. 2009ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ಅವರು ಬೆಂಗಳೂರಿನ ಮಹೇಶ್ ಭೂಪತಿಯವರ ಜೊತೆಗೂಡಿ ನಥಾಲಿ ಡೆಷಿ ಮತ್ತು ಆ್ಯಂಡಿ ರಾಮ್ ಜೋಡಿಯನ್ನು 6-3, 6-1ರಿಂದ ಸೋಲಿಸಿದರು. ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ ಅವರದಾಯಿತು. ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿದಾಗ ಅವರ ವಯಸ್ಸು 22. ಅದರ ಹಿಂದಿನ ವರ್ಷ ಇದೇ ಜೋಡಿ ಇದೇ ಅಂಗಳದ ಫೈನಲ್‌ನಲ್ಲಿ ಸೋತಿತ್ತು. ಅದೇ 2008ರಲ್ಲಿ ಮಣಿಕಟ್ಟಿನ ಗಾಯ ಅವರನ್ನು ತಿಂಗಳುಗಟ್ಟಲೆ ಆಟದಿಂದ ಹೊರಗಿಟ್ಟಿತ್ತು. ಇನ್ನೂ ಹಿಂದೆ ಹೋದರೆ 2005ರ ಫೆಬ್ರವರಿಯಲ್ಲಿ ಹೈದರಾಬಾದಿನ ಡಬ್ಲ್ಯುಟಿಎ ಸಿಂಗಲ್ಸ್ ಗೆಲುವು, 2003ರಲ್ಲಿ ರಷ್ಯದ ಅಲಿಸಾ ಕ್ಲೇಬನೋವಾ ಜೊತೆಗೆ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆಲುವು. ಅದಕ್ಕೂ ಹಿಂದೆ, ಆರು ವರ್ಷದ ಒಂದು ಹುಡುಗಿ ಮೊದಲ ಸಲ ರ್‍ಯಾಕೆಟ್ ಹಿಡಿದ ದಿನ.

ಆ ಹುಡುಗಿ ಆಟ ಕಲಿತದ್ದು ಗಾಜಿನ ಅರಮನೆಯಲ್ಲಲ್ಲ. ಹೈದರಾಬಾದಿನಲ್ಲಿ ತಾವು ಸಗಣಿಯಿಂದ ಮಾಡಿದ ಅಂಕಣಗಳ ಮೇಲೆ ಆಡಿ ಬೆಳೆದವರೆಂದು ಸಾನಿಯಾ ಅವರೇ ಹೇಳಿದ್ದಾರೆ. ತಂದೆ ಇಮ್ರಾನ್ ಮಿರ್ಜಾ ಮಗಳ ತರಬೇತುದಾರರೂ ಆದರು, ಊರೂರು ಸುತ್ತುವ ಸಂಗಾತಿಯೂ ಆದರು. ತಾಯಿ ನಸೀಮಾ ಅವರೂ ಮಗಳ ಬೆನ್ನಿಗೆ ನಿಂತರು. ಒಂದು ಅಂಕಣ, ದಿನವೂ ಬಿಡುವು ಮಾಡಿಕೊಳ್ಳುವ ತಂದೆತಾಯಿ, ಹತ್ತಾರು ವರ್ಷಗಳ ತಾಳ್ಮೆ. ಮೆಲ್ಬರ್ನ್‌ನ ಗೆಲುವು ಇವುಗಳಿಂದ ಬಂತು. ಸ್ಫೂರ್ತಿ ಎಂದು ಭಾಷಣ ಮಾಡುವವರು ಈ ಮೂರರಲ್ಲಿ ಯಾವುದನ್ನು ನಮ್ಮೂರಿನ ಹುಡುಗಿಗೆ ಕೊಟ್ಟಿದ್ದಾರೆ?

ಕೊಡುವುದು ಹಾಗಿರಲಿ, ಗೆದ್ದವಳನ್ನೂ ನೆಮ್ಮದಿಯಿಂದ ಇರಲು ಬಿಡಲಿಲ್ಲ. 2005ರಲ್ಲಿ ಸಾನಿಯಾ ಅಮೆರಿಕನ್ ಓಪನ್‌ನ ನಾಲ್ಕನೇ ಸುತ್ತು ತಲುಪಿದರು. ಆಗ ಅವರಿಗಿನ್ನೂ 18 ವರ್ಷ. ದೇಶ ಹಿಗ್ಗಬೇಕಾಗಿದ್ದ ಆ ದಿನಗಳಲ್ಲಿ ಒಬ್ಬ ಧಾರ್ಮಿಕ ಪಂಡಿತರು ಆಕೆಯ ಉಡುಪಿನ ಬಗ್ಗೆ ಫತ್ವಾ ಹೊರಡಿಸಿದರು. ಕೋಲ್ಕತಾದ ಪಂದ್ಯಾವಳಿಗೆ ಆಕೆ ಬಿಗಿ ಪೊಲೀಸ್ ಪಹರೆಯಲ್ಲಿ ಬರಬೇಕಾಯಿತು. 2008ರ ಆರಂಭದಲ್ಲಿ ರಾಷ್ಟ್ರಧ್ವಜದ ಹತ್ತಿರ ಕಾಲು ಚಾಚಿ ಕುಳಿತ ಒಂದು ಫೋಟೋ ಹಿಡಿದುಕೊಂಡು ಮತ್ತೊಂದು ಗುಂಪು ಆಕೆಯ ದೇಶಭಕ್ತಿಯನ್ನೇ ವಿಚಾರಣೆಗೆ ಎಳೆಯಿತು. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತಕರಾರು ಏಳುತ್ತದೆಂದು ಬೇಸತ್ತ ಸಾನಿಯಾ ಆ ವರ್ಷ ಬೆಂಗಳೂರಿನ ಪಂದ್ಯಾವಳಿಯಿಂದಲೇ ದೂರ ಉಳಿದರು. ನಷ್ಟ ಯಾರಿಗಾಯಿತು? ಆಕೆಯ ಆಟವನ್ನು ಕಣ್ಣಾರೆ ನೋಡಬಹುದಾಗಿದ್ದ ಕರ್ನಾಟಕದ ಹುಡುಗಿಯರಿಗೆ. 2014ರ ಜುಲೈನಲ್ಲಿ ತೆಲಂಗಾಣದ ಒಬ್ಬ ರಾಜಕಾರಣಿ ಆಕೆಯನ್ನು ಪಾಕಿಸ್ತಾನದ ಸೊಸೆ ಎಂದು ಹಂಗಿಸಿದರು. ಎರಡು ತಿಂಗಳಿಗೆ ಆಕೆ ಬ್ರೂನೊ ಸೊರೆಸ್ ಜೊತೆ ಅಮೆರಿಕನ್ ಓಪನ್ ಮಿಶ್ರ ಡಬಲ್ಸ್ ಗೆದ್ದು ಬಂದರು. 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದರು. ಒಟ್ಟು 91 ವಾರ ಆ ಸ್ಥಾನದಲ್ಲಿದ್ದರು. ಒಟ್ಟು ಆರು ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳು ಆಕೆಯ ಹೆಸರಿನಲ್ಲಿವೆ.

ಉಡುಪಿನ ಅಳತೆಪಟ್ಟಿ ನಮ್ಮ ರಾಜ್ಯಕ್ಕೂ ಬಂತು. 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ನಾವು ಮರೆತಿಲ್ಲ. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪು ಕೊಟ್ಟರು. ಇಷ್ಟರ ನಡುವೆ ಕಾಲೇಜಿನ ಗೇಟಿನ ಹೊರಗೆ ನಿಂತವರು ಹದಿನೇಳು ಹದಿನೆಂಟರ ಹುಡುಗಿಯರು. 2005ರಲ್ಲಿ ಒಬ್ಬರಿಗೆ ಬಟ್ಟೆ ಕಡಿಮೆಯಾಗಿ ಕಂಡಿತು, 2022ರಲ್ಲಿ ಇನ್ನೊಬ್ಬರಿಗೆ ಹೆಚ್ಚಾಗಿ ಕಂಡಿತು. ಇಬ್ಬರೂ ಒಬ್ಬರನ್ನೊಬ್ಬರು ವೈರಿಗಳೆಂದು ತಿಳಿದಿದ್ದಾರೆ. ಆದರೆ ಇಬ್ಬರ ಕೈಯಲ್ಲಿರುವ ಟೇಪು ಒಂದೇ ದರ್ಜಿಯ ಅಂಗಡಿಯದು. ಹುಡುಗಿ ಏನು ಓದಿದಳು, ಹೇಗೆ ಆಡಿದಳು ಎಂಬುದನ್ನು ಆ ಟೇಪಿನಿಂದ ಅಳೆಯಲಾಗದು.

ಧರ್ಮದ ಹೆಸರಿನಲ್ಲಿ ಹುಡುಗಿಯರ ಆಟವನ್ನು ನಿಲ್ಲಿಸುವವರಿಗೆ ಒಂದು ಮಾತು ನೆನಪಿಸಬೇಕು. ಪ್ರವಾದಿ ಮುಹಮ್ಮದ್(ಸ)ರು ಪ್ರಯಾಣದ ನಡುವೆ ಹ. ಆಯಿಶಾ(ರ)ರ ಜೊತೆ ಓಟದ ಪಂದ್ಯ ಕಟ್ಟಿದ್ದರು. ಮೊದಲ ಸಲ ಗೆದ್ದವರು ಆಯಿಶಾ. ಮುಂದೊಮ್ಮೆ ಮತ್ತೆ ಓಡಿದಾಗ ಗೆದ್ದವರು ಪ್ರವಾದಿಯವರು. ಅದಕ್ಕೆ ಇದು ಸರಿಹೋಯಿತೆಂದು ಅವರು ಸಲುಗೆಯಿಂದ ಹೇಳಿದ್ದೂ ಹದೀಸ್ ಗ್ರಂಥಗಳಲ್ಲಿದೆ. ಉಹುದ್ ಯುದ್ಧದಲ್ಲಿ ಪ್ರವಾದಿಯವರ ರಕ್ಷಣೆಗೆ ಕತ್ತಿ ಹಿಡಿದು ನಿಂತ ಹ. ನುಸೈಬಾ(ರ)ರ ಮೈಮೇಲಿನ ಗಾಯಗಳ ಕಥೆಯನ್ನು ನಮ್ಮ ಮದ್ರಸಗಳಲ್ಲೇ ಹೇಳಿಕೊಡುತ್ತಾರೆ. ಆ ಕಥೆ ಕೇಳಿ ಬೆಳೆದ ಹುಡುಗಿ ಮೈದಾನದಲ್ಲಿ ಓಡಿದರೆ ದೀನ್‌ಗೆ ಯಾವ ಕುತ್ತು ಬರುತ್ತದೆ?

ದುರ್ಗದ ಓಬವ್ವನೂ ನಮಗೆ ಹೊರಗಿನವಳಲ್ಲ. ಆಕೆ ಒನಕೆ ಬೀಸಿದ್ದು ಹೈದರಾಲಿಯ ಸೈನಿಕರ ಮೇಲೆ ಎಂಬ ಕಾರಣಕ್ಕೆ ಕೆಲವರು ಆಕೆಯ ಹೆಸರನ್ನು ನಮ್ಮ ಮುಖಕ್ಕೆ ಎಸೆಯುತ್ತಾರೆ. ಇನ್ನು ಕೆಲವರು ಅದೇ ಕಾರಣಕ್ಕೆ ಆಕೆಯ ಹೆಸರೆತ್ತಲು ಮುಜುಗರಪಡುತ್ತಾರೆ. ಎರಡೂ ಸಣ್ಣತನ. ತನ್ನೂರಿನ ಕೋಟೆಗೆ ಅಪಾಯ ಬಂದಾಗ ಯಾರ ಅನುಮತಿಗೂ ಕಾಯದೆ ಕೈಗೆ ಸಿಕ್ಕಿದ್ದನ್ನು ಹಿಡಿದು ನಿಂತವಳು ಆಕೆ. ಅವಳ ಹೆಸರಿನ ಕ್ರೀಡಾಂಗಣದ ಮೇಲೆ ದುರ್ಗದ ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲಿದೆ.

ಇನ್ನು ನಮ್ಮ ಹಿರಿಯರು ಒಡ್ಡುವ ನೆಪಗಳು. ಮೊದಲನೆಯದು, ಟೆನಿಸ್ ಶ್ರೀಮಂತರ ಆಟ ಎಂಬುದು. ದೊಡ್ಡ ಪಂದ್ಯಾವಳಿಗಳ ಮಟ್ಟಕ್ಕೆ ಹೋದರೆ ಅದು ನಿಜ. ಆದರೆ ಆರಂಭಕ್ಕೆ ಬೇಕಾದದ್ದು 120 ಅಡಿ ಉದ್ದ, 60 ಅಡಿ ಅಗಲದ ಸಮತಟ್ಟಾದ ಜಾಗ, ಒಂದು ಬಲೆ, ಕೆಲವು ರ್‍ಯಾಕೆಟ್‌ಗಳು. ನೆಲ ಬಡಿದು, ಸಗಣಿ ಸಾರಿಸಿ, ಕಣ ಮಾಡಿ ರಾಗಿ ಒಕ್ಕಿದ ಊರುಗಳಿವು. ಅಂಥ ನೆಲ ಮಾಡುವುದನ್ನು ಹೊಸದುರ್ಗದವರಿಗೆ ಹೈದರಾಬಾದಿನಿಂದ ಬಂದು ಯಾರೂ ಕಲಿಸಬೇಕಿಲ್ಲ. ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ವ್ಯಾಪಾರದಲ್ಲಿ ದುಡಿದು ಉಳಿಸಿದವರು ಒಂದು ಮದುವೆಯ ಬಿರಿಯಾನಿಗೆ, ದೀಪಾಲಂಕಾರಕ್ಕೆ ಸುರಿಯುವ ಹಣದಲ್ಲಿ ಇಂಥದೊಂದು ಅಂಕಣ ಎದ್ದೇಳುತ್ತದೆ. ಶಾದಿಮಹಲ್‌ಗೆ ಚಂದಾ ಎತ್ತಲು ಮನೆಮನೆಗೆ ಬರುವ ಕಮಿಟಿಗಳು ಹುಡುಗಿಯರ ಮೈದಾನಕ್ಕೆಂದು ಒಂದು ರಸೀದಿ ಪುಸ್ತಕ ಅಚ್ಚು ಹಾಕಿಸಲಿ ನೋಡೋಣ. ಟೆನಿಸ್ ಬೇಡವೆಂದರೆ ಬೇಡ. ಕಬಡ್ಡಿ, ಥ್ರೋಬಾಲ್, ಓಟ, ಯಾವುದಾದರೂ ಆಗಲಿ. ಬೇಕಿರುವುದು ಜಾಗ.

ಎರಡನೆಯದು, ಉಡುಪಿನ ನೆಪ. ತಲೆ ಮುಚ್ಚಿ ಆಡಬಯಸುವ ಹುಡುಗಿಗೆ ಇಂದು ಜಗತ್ತು ದಾರಿ ಬಿಟ್ಟಿದೆ. ಫುಟ್‌ಬಾಲ್‌ನ ವಿಶ್ವ ಸಂಸ್ಥೆ 2014ರಲ್ಲಿ, ಬಾಸ್ಕೆಟ್‌ಬಾಲ್‌ನ ವಿಶ್ವ ಸಂಸ್ಥೆ 2017ರಲ್ಲಿ ಶಿರವಸ್ತ್ರಕ್ಕೆ ಅನುಮತಿ ಕೊಟ್ಟವು. 2022ರ ಆಸ್ಟ್ರೇಲಿಯನ್ ಓಪನ್ ಬಾಲಕಿಯರ ವಿಭಾಗದಲ್ಲಿ ಇರಾನಿನ ಮೆಷ್ಕತುಲ್‌ಜಹ್ರಾ ಸಫಿ ಹಿಜಾಬ್ ಧರಿಸಿಯೇ ಆಡಿ ಪಂದ್ಯ ಗೆದ್ದಳು. ಅದೇ ವರ್ಷ ಟ್ಯುನೀಷಿಯಾದ ಆನ್ಸ್ ಜಬೇರ್ ತಲೆ ಮುಚ್ಚದೆ ಆಡಿ ವಿಂಬಲ್ಡನ್ ಫೈನಲ್ ತಲುಪಿದರು. ಇಬ್ಬರೂ ಮುಸ್ಲಿಮ್ ಹೆಣ್ಣುಮಕ್ಕಳು. ಏನು ತೊಡಬೇಕೆಂಬುದನ್ನು ಆಡುವವಳು ತೀರ್ಮಾನಿಸಲಿ. ಮುತವಲ್ಲಿಯೂ ಬೇಡ, ಮಂತ್ರಿಯೂ ಬೇಡ.

ಮೂರನೆಯದು, ಓದು ಕೆಡುತ್ತದೆ, ಮದುವೆಗೆ ತೊಡಕಾಗುತ್ತದೆ ಎಂಬ ನೆಪ. ನಮ್ಮ ಹುಡುಗಿಯರ ಓದು ನಿಂತದ್ದು ಆಟದಿಂದ ಎಂಬುದಕ್ಕೆ ಒಂದು ಉದಾಹರಣೆಯನ್ನೂ ನಾವು ಕಂಡಿಲ್ಲ. ಅವಸರದ ಮದುವೆಯಿಂದ ನಿಂತದ್ದನ್ನು ಬೇಕಾದಷ್ಟು ಕಂಡಿದ್ದೇವೆ. ಮದುವೆಯೊಂದಿಗೆ ಆಟ ಮುಗಿಯಬೇಕೆಂಬ ನಿಯಮವೂ ಇಲ್ಲ. 2018ರಲ್ಲಿ ತಾಯಿಯಾದ ಸಾನಿಯಾ 2020ರ ಜನವರಿಯಲ್ಲಿ ಮರಳಿ ಬಂದು, ಹೋಬಾರ್ಟ್‌ನ ಮೊದಲ ಪಂದ್ಯಾವಳಿಯಲ್ಲೇ ಡಬಲ್ಸ್ ಪ್ರಶಸ್ತಿ ಗೆದ್ದರು.

ದೊಡ್ಡ ಊರಿನವರಿಗೆ ಮಾತ್ರ ಇದೆಲ್ಲ ಎನ್ನುವವರು ನಿಜಾಮಾಬಾದ್ ಕಡೆ ನೋಡಲಿ. ದುರ್ಗದಂತೆಯೇ ಅದೊಂದು ಜಿಲ್ಲಾ ಕೇಂದ್ರ. ಅಲ್ಲಿಯ ನಿಖತ್ ಜರೀನ್ 2022 ಮತ್ತು 2023ರಲ್ಲಿ ಎರಡು ಸಲ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ಅಷ್ಟು ದೂರವೂ ಬೇಡ. ಹೊಸದುರ್ಗಕ್ಕೆ ಮಗ್ಗುಲಲ್ಲೇ ಇರುವ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ ಫೈನಲ್ ಆಡಿದರು. ಪ್ರತಿಭೆ ಊರಿನ ಗಾತ್ರ ನೋಡಿ ಹುಟ್ಟುವುದಿಲ್ಲ.

ಸಮುದಾಯವನ್ನು ಕೇಳಿದಷ್ಟೇ ಗಟ್ಟಿಯಾಗಿ ಸರ್ಕಾರವನ್ನೂ ಕೇಳುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕೆಂದು ಹೇಳುತ್ತದೆ. ನಮ್ಮ ನಾಲ್ಕೂ ತಾಲ್ಲೂಕುಗಳ ಕನ್ನಡ ಮತ್ತು ಉರ್ದು ಸರ್ಕಾರಿ ಶಾಲೆಗಳಲ್ಲಿ ಮೈದಾನ ಎಲ್ಲೆಲ್ಲಿದೆ, ಎಲ್ಲೆಲ್ಲಿ ಇಲ್ಲ ಎಂಬ ಪಟ್ಟಿಯನ್ನು ಶಿಕ್ಷಣ ಇಲಾಖೆ ಪ್ರಕಟಿಸಲಿ. ಓಬವ್ವ ಕ್ರೀಡಾಂಗಣದಲ್ಲಿ ದಿನಕ್ಕೆ ಎರಡು ಗಂಟೆ ಹುಡುಗಿಯರಿಗೆ ಮೀಸಲಾಗಲಿ. ಮಹಿಳಾ ತರಬೇತುದಾರರು ಇರಲಿ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇರಲಿ, ನೀರು ಬರುವ ಶೌಚಾಲಯ ಇರಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯಿಲ್ಲ. ಹಿರಿಯೂರಿನಿಂದ ದುರ್ಗಕ್ಕೆ ಸುಮಾರು 40 ಕಿ.ಮೀ. ಆಟ ಮುಗಿಸಿದ ಹುಡುಗಿ ಕತ್ತಲಾಗುವ ಮೊದಲು ಮನೆ ಸೇರುವಂತೆ ಆ ದಾರಿಯಲ್ಲಿ ಒಂದು ಬಸ್ಸಿನ ವೇಳೆ ಹೊಂದಿಸುವುದು ಎಷ್ಟು ಕಷ್ಟದ ಕೆಲಸ?

ಸಾನಿಯಾ 2023ರ ಜನವರಿಯಲ್ಲಿ ತಮ್ಮ ಕೊನೆಯ ಗ್ರ್ಯಾಂಡ್‌ಸ್ಲಾಮ್ ಫೈನಲ್ ಆಡಿದ್ದು ಕೊಡಗಿನ ರೋಹನ್ ಬೋಪಣ್ಣ ಜೊತೆಗೆ, ಅದೇ ಮೆಲ್ಬರ್ನ್‌ನಲ್ಲಿ. ಅದರಲ್ಲಿ ಸೋತರು. ಮರು ತಿಂಗಳು ದುಬೈಯಲ್ಲಿ ಆಟಕ್ಕೆ ವಿದಾಯ ಹೇಳಿದರು. ತನ್ನ ಪಾಲಿನದನ್ನು ಆಕೆ ಮಾಡಿ ಮುಗಿಸಿದ್ದಾರೆ. ಮುಂದಿನದು ಊರಿನ ತಂದೆಯರ ಪಾಲಿನದು, ಜಮಾಅತ್‌ಗಳ ಪಾಲಿನದು.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಶುಕ್ರವಾರ ಜುಮಾ ನಮಾಝ್ ಮುಗಿಸಿ ಹೊರಬರುವಾಗ ನಿಮ್ಮ ಜಮಾಅತ್ ಅಧ್ಯಕ್ಷರನ್ನು ನಿಲ್ಲಿಸಿ, ಸಲಾಂ ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮ ಹುಡುಗಿಯರು ಎಲ್ಲಿ ಆಡಬೇಕು? ಉತ್ತರ ಸಿಗದಿದ್ದರೆ ಅದರ ಮುಂದಿನ ಶುಕ್ರವಾರ ಮತ್ತೆ ಕೇಳಿ. ಜಾಗ ತೋರಿಸುವವರೆಗೂ ಕೇಳುತ್ತಲೇ ಇರಿ.