ಸ್ಮಾರಕದ ಹೂವು, ಕೊರಿಯಾದ ಗೌರವ

"ಫಾದರ್, ಏಪ್ರಿಲ್ 25ಕ್ಕೆ ವಿದುರಾಶ್ವತ್ಥದ ಹುತಾತ್ಮರ ಸ್ಮಾರಕಕ್ಕೆ ಹೂವಿಡಲು ನಾವು ಹೋಗಬಹುದೇ? ಗುಡಿ ಅಲ್ಲೇ ಇದೆಯಲ್ಲ?" ಎಂದು ಗೌರಿಬಿದನೂರು ಕಡೆಯ ತಾಯಿಯೊಬ್ಬರು ಕೇಳಿದರು. ಪಕ್ಕದಲ್ಲಿದ್ದ ಅವರ ಮಗಳ ಪ್ರಶ್ನೆ ಬೇರೆ. 2027ರ ಆಗಸ್ಟ್ ತಿಂಗಳಿಗೆ ಸೋಲ್ ನಗರದಲ್ಲಿ ಗೊತ್ತುಪಡಿಸಿರುವ ವಿಶ್ವ ಯುವಜನ ದಿನಾಚರಣೆಗೆ ಹೋಗುವುದು ಹೇಗೆ ಎಂಬುದು ಅವಳ ಚಿಂತೆ. ಕೊರಿಯಾದ ಧಾರಾವಾಹಿ, ಹಾಡುಗಳ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಇರುವ ಒಲವು ಓದುಗರಿಗೆ ತಿಳಿಯದ್ದೇನೂ ಅಲ್ಲ. ತಾಯಿ ಮಗಳ ಈ ಎರಡು ಪ್ರಶ್ನೆಗಳೂ ಒಂದೇ ಬೇರಿನವು ಎಂದು ಆಮೇಲೆ ನನಗೆ ತೋರಿತು.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬ ವಿಷಯದಲ್ಲಿ ಸರ್ಕಾರದ ಲೆಕ್ಕ ಮತ್ತು ಜನರ ಲೆಕ್ಕ ಒಂದಾಗಲಿಲ್ಲ. ಅವರನ್ನು ನೆನೆದು ಹೂವಿಡುವುದು ಪೂಜೆಯೇ, ಗೌರವವೇ? ಗೌರವವು ಪಡೆಯುವವನಿಗಿಂತ ಕೊಡುವವನಲ್ಲಿಯೇ ಹೆಚ್ಚಾಗಿ ನೆಲೆಸಿರುತ್ತದೆಂದು ಅರಿಸ್ಟಾಟಲ್ ಬರೆದಿದ್ದಾನೆ. ಹಾಗಿದ್ದಲ್ಲಿ ಕೊಡುವವನ ಮನಸ್ಸಿನಲ್ಲಿ ಏನಿದೆ ಎಂಬುದೇ ಮುಖ್ಯ.

ಈ ಪ್ರಶ್ನೆಗೆ ಕೊರಿಯಾದ ಕ್ರೈಸ್ತರು ಪ್ರಾಣವನ್ನೇ ತೆತ್ತಿದ್ದಾರೆ. 1784ರಲ್ಲಿ ಬೀಜಿಂಗ್‌ನಲ್ಲಿ ದೀಕ್ಷಾಸ್ನಾನ ಪಡೆದು ಮರಳಿದ ಯಿ ಸುಂಗ್ ಹುನ್ ಎಂಬ ಶ್ರೀಸಾಮಾನ್ಯನಿಂದ ಅಲ್ಲಿ ಧರ್ಮಸಭೆ ಮೊದಲಾಯಿತು. ಪೂರ್ವಿಕರ ನಾಮಫಲಕದ ಮುಂದೆ ಎಡೆಯಿಟ್ಟು ನಮಿಸುವುದು ಅಂದಿನ ಧರ್ಮಸಭೆಯ ದೃಷ್ಟಿಯಲ್ಲಿ ನಿಷಿದ್ಧ. ಪೌಲ್ ಯುನ್ ಜಿ ಚುಂಗ್ ಹೆತ್ತ ತಾಯಿಗೂ ಆ ವಿಧಿಯನ್ನು ನಡೆಸಲಿಲ್ಲ; 1791ರಲ್ಲಿ ಅವರಿಗೆ ಮರಣದಂಡನೆಯಾಯಿತು. ಚೀನಾ ಮತ್ತು ಕೊರಿಯಾಗಳಲ್ಲಿ ಇಂಥ ವಂದನೆ ಲೌಕಿಕ ಗೌರವವಾಗಿರಬಹುದೆಂದು ರೋಮ್ ಒಪ್ಪಿದ್ದು 1939ರ ನಂತರ. ಆ ಪೌಲ್‌ರನ್ನೂ ಅವರ 123 ಸಂಗಾತಿಗಳನ್ನೂ 2014ರಲ್ಲಿ ಪೋಪ್ ಫ್ರಾನ್ಸಿಸ್ ಸೋಲ್‌ನಲ್ಲಿ ಧನ್ಯರೆಂದು ಸಾರಿದರು. ಅವರ ಸಾಕ್ಷ್ಯ ವ್ಯರ್ಥವಾಗಲಿಲ್ಲ. ಆದರೆ ಸತ್ತವರಿಗೆ ತಲೆಬಾಗುವುದು ದೇವರ ಗೌರವಕ್ಕೆ ಕುಂದಲ್ಲ ಎಂಬ ವಿವೇಕಕ್ಕೆ ನಾವು ತಡವಾಗಿ ಬಂದೆವು. ಹೋಗಿ ಹೂವಿಟ್ಟು ಬನ್ನಿ ಎಂದೇ ಆ ತಾಯಿಗೆ ಹೇಳಿದೆ.

ಗೌರವಿಸುವ ಕಲೆಯನ್ನು ಹೀಗೆ ಕಷ್ಟಪಟ್ಟು ಕಲಿತ ಅದೇ ಕೊರಿಯಾ ನಮ್ಮ ಸೈನಿಕರನ್ನು ಗೌರವಿಸಿದ ಸಂಗತಿ ನಮ್ಮಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. 2021ರ ಮಾರ್ಚ್ 26ರಂದು ದೆಹಲಿ ದಂಡುಪ್ರದೇಶದಲ್ಲಿ ಭಾರತ ಕೊರಿಯಾ ಮೈತ್ರಿ ಉದ್ಯಾನವನ್ನು ಎರಡೂ ದೇಶಗಳ ರಕ್ಷಣಾ ಸಚಿವರು ಉದ್ಘಾಟಿಸಿದರು. ಪ್ರವೇಶದ್ವಾರ ಕೊರಿಯಾ ಶೈಲಿಯದು. ಒಳಗೆ ನಿಂತಿರುವ ಪ್ರತಿಮೆ ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರದು. ಅದಕ್ಕೂ ಏಳು ವಾರ ಮೊದಲು, ಫೆಬ್ರವರಿ 6ರಂದು, ಮಡಿಕೇರಿಯಲ್ಲಿ ಅವರು ಬೆಳೆದ ಮನೆ 'ಸನ್ನಿಸೈಡ್' ವಸ್ತುಸಂಗ್ರಹಾಲಯವಾಗಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಉದ್ಘಾಟನೆಗೊಂಡಿತ್ತು.

ಇಲ್ಲೊಂದು ವಿಚಿತ್ರವಿದೆ. ಕೊರಿಯಾ ಯುದ್ಧದಲ್ಲಿ ಭಾರತ ಕಾದಾಡಲೇ ಇಲ್ಲ. 1950ರ ನವೆಂಬರ್‌ನಲ್ಲಿ ಅಲ್ಲಿಗೆ ಹೋದದ್ದು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ದಳ. ಡಿಸೆಂಬರ್‌ನ ಹಿಮದಲ್ಲಿ ಪ್ಯೊಂಗ್ಯಾಂಗ್‌ನಿಂದ ಎಲ್ಲರೂ ಹಿಂದೆ ಸರಿಯುವಾಗ ಈ ದಳ ತನ್ನ ಔಷಧ ಮತ್ತು ಸಲಕರಣೆಗಳನ್ನು ಬಿಟ್ಟು ಹೊರಡಲು ಒಪ್ಪಲಿಲ್ಲ. ಅನಾಥವಾಗಿ ನಿಂತಿದ್ದ ಉಗಿಬಂಡಿಯೊಂದಕ್ಕೆ ನೀರು ತುಂಬಿ, ಬೆಂಕಿ ಹಾಕಿ, ತಾವೇ ಓಡಿಸಿಕೊಂಡು ದಕ್ಷಿಣಕ್ಕೆ ತಂದರು. ಈ ಪ್ರಸಂಗವನ್ನು ಧರ್ಮೋಪದೇಶ ತರಗತಿಯಲ್ಲಿ ಹೇಳಿದರೆ ಹುಡುಗರು ಕಣ್ಣರಳಿಸಿ ಕೇಳುತ್ತಾರೆ. ಅಕ್ವಿನಾಸರನ್ನು ಹೇಳಿದಾಗ ಹಾಗೆ ಕೇಳುವುದಿಲ್ಲ! 1951ರ ಮಾರ್ಚ್‌ನಲ್ಲಿ ಈ ವೈದ್ಯರಲ್ಲಿ ಕೆಲವರು ಅಮೆರಿಕದ ಪ್ಯಾರಾಚೂಟ್ ಪಡೆಯ ಜೊತೆ ಮುನ್ಸಾನ್‌ನಲ್ಲಿ ವಿಮಾನದಿಂದ ಧುಮುಕಿ, ನೆಲದ ಮೇಲೆಯೇ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು.

ಇನ್ನೂ ಕಠಿಣವಾದ ಕೆಲಸ ಬಂದದ್ದು 1953ರ ಜುಲೈ 27ರ ಕದನವಿರಾಮದ ನಂತರ. ದಕ್ಷಿಣದ ವಶದಲ್ಲಿದ್ದ ಸುಮಾರು 22,600 ಚೀನಿ ಮತ್ತು ಉತ್ತರ ಕೊರಿಯಾದ ಸೆರೆಯಾಳುಗಳು ತವರಿಗೆ ಮರಳಲು ಒಲ್ಲೆವೆಂದರು. ಉತ್ತರದ ವಶದಲ್ಲಿದ್ದ 359 ಮಂದಿಯೂ ಹಾಗೆಯೇ ಅಂದರು. ಇವರೆಲ್ಲರ ಇಚ್ಛೆಯನ್ನು ವಿಚಾರಿಸಲು ಐದು ರಾಷ್ಟ್ರಗಳ ತಟಸ್ಥ ಆಯೋಗ ರಚನೆಯಾಯಿತು. ಅಧ್ಯಕ್ಷರು ತಿಮ್ಮಯ್ಯ. ಕಾವಲಿಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ಕೈಕೆಳಗೆ ಸುಮಾರು 6,000 ಭಾರತೀಯ ಯೋಧರು. ದಕ್ಷಿಣ ಕೊರಿಯಾದ ಅಂದಿನ ಅಧ್ಯಕ್ಷ ಸಿಂಗ್‌ಮನ್ ರೀ ಇವರು ತಮ್ಮ ನೆಲವನ್ನು ತುಳಿಯಲೂ ಬಿಡಲಿಲ್ಲ. ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ನೇರವಾಗಿ ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಸೆರೆಯಾಳುಗಳು ಭಾರತದ ಒಬ್ಬ ಮೇಜರ್‌ನನ್ನು ಹಿಡಿದಿಟ್ಟಾಗ ಥೋರಟ್ ಬಂದೂಕು ಹಿಡಿಯದೆ ಆ ಗುಂಪಿನೊಳಗೆ ನಡೆದುಹೋದರು. ಮನೆಗೆ ಬಂದವನನ್ನು ಉಪಚರಿಸುವ ರೀತಿ ಇದೇ ಏನೆಂದು ಗದರಿದರು. ಗುಂಪು ಇಳಿಯಿತು, ಮೇಜರ್ ಹೊರಬಂದ.

ವಿದುರಾಶ್ವತ್ಥದ ಸ್ಥಳಪುರಾಣದಂತೆ ಅಲ್ಲಿ ಅರಳಿಸಸಿ ನೆಟ್ಟವನು ವಿದುರ. ನಮ್ಮ ಗಮಕಿಗಳು ಹಾಡುವ ಭಾರತದಲ್ಲಿ ಅವನು ಬಿಲ್ಲನ್ನು ಮುರಿದಿಟ್ಟು ಯುದ್ಧದಿಂದ ಹೊರಗುಳಿದವನು. ತಿಮ್ಮಯ್ಯನವರಾದರೋ ಬರ್ಮಾದಲ್ಲಿ ಬ್ರಿಗೇಡ್ ನಡೆಸಿದವರು, 1948ರಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದವರು. ಬಿಲ್ಲು ಕೈಯಲ್ಲಿದ್ದೂ ಎರಡು ಪಕ್ಷಗಳ ನಡುವೆ ತಟಸ್ಥವಾಗಿ ನಿಲ್ಲುವುದು ವಿದುರನ ದಾರಿಗಿಂತ ಕಷ್ಟವೆಂದು ನನ್ನ ಎಣಿಕೆ. ಏಕೆಂದರೆ ಇಲ್ಲಿ ಕಾಯಬೇಕಾದದ್ದು ಗಡಿಯನ್ನಲ್ಲ, ಸೆರೆಯಾಳಿನ ಆಯ್ಕೆಯನ್ನು.

ಆ ಆಯ್ಕೆ ಸ್ವತಂತ್ರವಾಗಿತ್ತೇ? ಭಯದಿಂದ ಮಾಡಿದ ಕ್ರಿಯೆಯಲ್ಲಿ ಇಚ್ಛೆಯೂ ಅನಿಚ್ಛೆಯೂ ಬೆರೆತಿರುತ್ತವೆಂದು ಸಂತ ತೋಮಾಸ್ ಅಕ್ವಿನಾಸರು ಹೇಳುತ್ತಾರೆ. ಶಿಬಿರಗಳೊಳಗೆ ಸಂಘಟಿತ ಗುಂಪುಗಳು ಹಿಂದಿರುಗಬಯಸುವವರನ್ನು ಬೆದರಿಸುತ್ತಿದ್ದವು; ಆಯೋಗದ ಬಹುಮತದ ವರದಿಯೂ ಇದನ್ನು ದಾಖಲಿಸಿತು. ಗುಂಡು ಹಾರಿಸಿ ಆ ಗುಂಪುಗಳನ್ನು ಒಡೆದಿದ್ದರೆ ರಕ್ತಪಾತವಾಗುತ್ತಿತ್ತು. ಸುಮ್ಮನಿದ್ದರೆ ಭಯ ಉಳಿಯುತ್ತಿತ್ತು. ಗಡುವು ಮುಗಿದಾಗ, 1954ರ ಜನವರಿ 20ರಿಂದ, ತಿಮ್ಮಯ್ಯನವರು ಸೆರೆಯಾಳುಗಳನ್ನು ಹಿಡಿದವರಿಗೇ ಹಿಂದಿರುಗಿಸತೊಡಗಿದರು. ಯಾವ ಪಕ್ಷಕ್ಕೂ ತೃಪ್ತಿಯಾಗಲಿಲ್ಲ. ಎರಡೂ ಕಡೆ ಬೇಡವೆಂದ 88 ಮಂದಿ ನಮ್ಮ ಯೋಧರ ಜೊತೆಯೇ ಹಡಗು ಹತ್ತಿ ಭಾರತಕ್ಕೆ ಬಂದರು.

ಸಮಾರಂಭದ ಭಾಷಣಗಳಲ್ಲಿ ಮೈತ್ರಿಯ ಮಾತು ಹೆಚ್ಚು, ಈ ಇಕ್ಕಟ್ಟಿನ ಮಾತು ಕಡಿಮೆ. ಬಾಗಿಲು ಮುಚ್ಚಿದ್ದ ದೇಶವೇ ಇಂದು ಪ್ರತಿಮೆಗೆ ಹೂವಿಡುವುದು ದೊಡ್ಡತನವೇ ಸರಿ; ಬಾಗಿಲು ಮುಚ್ಚಿತ್ತೆಂಬುದನ್ನು ಮರೆತರೆ ಮಾತ್ರ ಆ ದೊಡ್ಡತನದ ತೂಕ ನಮಗೆ ತಿಳಿಯದು. ಇನ್ನೊಂದು ಮಾತು. 1953ರಲ್ಲಿ ಇಪ್ಪತ್ತರ ಹರೆಯದವನಾಗಿದ್ದ ಯೋಧ ಇಂದು ಬದುಕಿದ್ದರೆ ತೊಂಬತ್ತು ದಾಟಿದವನು. ಪ್ರತಿಮೆ ಕಾಯುತ್ತದೆ, ಮನುಷ್ಯ ಕಾಯಲಾರ. ನಮ್ಮ ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ವೇಳೆ ಹಿಂದಿನ ಬೆಂಚಿನಲ್ಲಿ ಕೂರುವ ನಿವೃತ್ತ ಯೋಧರು ಯಾವ ಯುದ್ಧವನ್ನು ಕಂಡವರೆಂದು ಎಷ್ಟು ಮನೆಗಳಿಗೆ ಗೊತ್ತು? ಅಜ್ಜನ ಪೆಟ್ಟಿಗೆಯಲ್ಲಿರುವ ಪದಕ, ಕಾಗದಪತ್ರ, ಗುಂಪುಚಿತ್ರಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ತೋರಿಸಿ. ಹಿಂಬದಿಯಲ್ಲಿ ಊರು, ವರ್ಷಗಳನ್ನು ಬರೆದಿಡಿ.

ಆ ಹುಡುಗಿಯೂ ಸೋಲ್‌ಗೆ ಹೊರಡುವ ಮುನ್ನ ಮಡಿಕೇರಿಯ ಆ ಮನೆಯನ್ನು ನೋಡಿಬರಲಿ ಎಂದು ಸೂಚಿಸಿದ್ದೇನೆ. ಪಾನ್‌ಮುಂಜೊಮ್ ಸೋಲ್‌ನಿಂದ ಸುಮಾರು 50 ಕಿಲೋಮೀಟರ್ ದೂರ. ನಮ್ಮ ಯೋಧರು ಡೇರೆ ಹೂಡಿ 'ಹಿಂದ್ ನಗರ' ಎಂದು ಹೆಸರಿಟ್ಟ ನೆಲ ಅಲ್ಲಿನ ಸೇನಾರಹಿತ ವಲಯದಲ್ಲಿದೆ. ಕದನವಿರಾಮವು ಶಾಂತಿ ಒಪ್ಪಂದವಾಗಿ ಇಂದಿಗೂ ಬದಲಾಗಿಲ್ಲ.